ಅಕ್ಕನ ಗಂಟೆ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ನಕ್ಕು ಪುಟ ತಿರುವುತ್ತಿದ್ದೆ. ಗುಲಬರ್ಗಾದಲ್ಲಿ ಎಂ.ಎಸ್ಸಿ. ಮುಗಿಸಿ, ಹುಮನಾಬಾದಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಈಗಲೂ ನಂಬುತ್ತೇನೆ. ಅದಕ್ಕೇ ಇದು ನನ್ನನ್ನು ಬಿಡುತ್ತಿಲ್ಲ.

ಬಸವಕಲ್ಯಾಣದ ಮನೆಯಲ್ಲಿ ಅಕ್ಕ ಲಕ್ವಾ ಹೊಡೆದು ಮಲಗಿದ್ದಳು. ಮಾತು ಹೋಗಿತ್ತು. ಬಲಗೈಯ ಒಂದು ಬೆರಳು ಮಾತ್ರ ಆಡುತ್ತಿತ್ತು. ಕೇಂದ್ರದ ಹಳೆಯ ಕಂಪ್ಯೂಟರೊಂದನ್ನು ಕೇಳಿ ತಂದೆ. ಅದರ ಹಿಂದೆ ಪ್ರಿಂಟರ್ ಸಿಕ್ಕಿಸುವ ಪ್ಯಾರಲಲ್ ಪೋರ್ಟಿನಿಂದ ಒಂದು ವೈರನ್ನು ಅವಳ ಬೆರಳ ಕೆಳಗಿನ ಸ್ವಿಚ್ಚಿಗೆ, ಇನ್ನೊಂದನ್ನು ಅಡುಗೆಮನೆಯ ಗಂಟೆಗೆ ಎಳೆದೆ. ಅವಳು ಒತ್ತಿದರೆ ಗಂಟೆ ಬಾರಿಸುತ್ತಿತ್ತು. ಗಿಡ್ಡವೋ ಉದ್ದವೋ, ಒತ್ತಿದ ರೀತಿ ನೋಡಿ ನಾನು ಬರೆದ ಪ್ರೋಗ್ರಾಂ ಪರದೆಯ ಮೇಲೆ ‘ನೀರು’, ‘ಹೊರಳಿಸು’ ಎಂದು ದೊಡ್ಡ ಅಕ್ಷರ ಮೂಡಿಸುತ್ತಿತ್ತು. ಪರೀಕ್ಷೆಗೆಂದು ಕೀಬೋರ್ಡಿನ ಸ್ಪೇಸ್ ಬಾರ್ ಒತ್ತಿದರೂ ಹಾಗೆಯೇ ಗಂಟೆ ಬಾರಿಸಿ ಅಕ್ಷರ ಮೂಡುವಂತೆ ಮಾಡಿದ್ದೆ.

“ಮೊದಲ ಬಾಯಿ ಸುಮ್ಮ ಇರ್ತಿರಲಿಲ್ಲ, ಈಗ ಬೆರಳ ಸುಮ್ಮ ಇರವಲ್ದು” ಎಂದು ಅವ್ವ ರೇಗಿಸಿದರೆ, ಅಕ್ಕ ಬೇಕೆಂದೇ ಇನ್ನಷ್ಟು ಬಾರಿಸುತ್ತಿದ್ದಳು. ನಾನು ಹುಮನಾಬಾದಿನಿಂದ ಬಂದು ಚಪ್ಪಲಿ ಬಿಡುವ ಸದ್ದಿಗೆ ಎರಡು ಗಿಡ್ಡ, ಒಂದು ಉದ್ದ ಒತ್ತುತ್ತಿದ್ದಳು. ಅದನ್ನು ನಾನು ಕಲಿಸಿರಲಿಲ್ಲ. ಪ್ರೋಗ್ರಾಮಿಗೆ ಅದು ತಿಳಿಯದೆ, ಪರದೆಯ ಮೇಲೆ ಬರೀ ಪ್ರಶ್ನೆಚಿಹ್ನೆ ಬರುತ್ತಿತ್ತು.

ಅಕ್ಕ ಹೋದಳು. ಬಂದ ನೆಂಟರೆಲ್ಲ ತಿರುಗಿ ಹೋದ ಮೇಲೆ ಒಂದು ಸಂಜೆ, ಕಂಪ್ಯೂಟರ್ ಹಿಂದಿರುಗಿಸಬೇಕೆಂದು ಸ್ವಿಚ್ಚಿನ ವೈರನ್ನು ಪೂರ್ತಿ ಬಿಚ್ಚಿ ಸುತ್ತುತ್ತಿದ್ದೆ. ಯಂತ್ರ ಸರಿಯಿದೆಯೇ ಎಂದು ಚಾಲೂ ಮಾಡಿದ್ದೆ. ಗಂಟೆಯ ವೈರು, ಕೀಬೋರ್ಡು ಇನ್ನೂ ಇದ್ದ ಹಾಗೇ ಇದ್ದವು. ಪ್ರೋಗ್ರಾಂ ತಾನಾಗಿಯೇ ಓಡತೊಡಗಿತ್ತು.

ಗಂಟೆ ಬಾರಿಸಿತು. ಎರಡು ಗಿಡ್ಡ, ಒಂದು ಉದ್ದ.

ರೊಟ್ಟಿ ಬಡಿಯುತ್ತಿದ್ದ ಅವ್ವ ಒಳಗಿನಿಂದಲೇ, “ಬಂದಾನ ಬಿಡವ್ವಾ, ಕೇಳಸ್ತು. ಎಷ್ಟ ಗದ್ದಲ ಮಾಡ್ತಿ!” ಎಂದಳು. ಆಮೇಲೆ ರೊಟ್ಟಿಯ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಖಾಲಿ ಮಂಚ ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಪರದೆಯ ಮೇಲೆ ಪ್ರಶ್ನೆಚಿಹ್ನೆ ಇತ್ತು.

ವೈರು ಬಿಚ್ಚಿದ ಪೋರ್ಟಿನ ಖಾಲಿ ಪಿನ್ನು ಸುತ್ತಲಿನ ಕರೆಂಟನ್ನೇ ಯಾರೋ ಸ್ವಿಚ್ಚು ಒತ್ತಿದಂತೆ ಓದಬಹುದು. ವಿದ್ಯಾರ್ಥಿಗಳಿಗೆ ನಾನೇ ಹಾಗೆ ಹೇಳಿಕೊಟ್ಟವನು. ಆದರೆ ಅದು ಅಕ್ಕನ ಹಾಗೆಯೇ ಯಾಕೆ ಬಾರಿಸಬೇಕು?

ಬಹಳ ದಿನಗಳ ನಂತರ ಅವ್ವ ತಾನಾಗಿಯೇ ಹೇಳಿದಳು: “ಅವತ್ತ ನನ್ನ ಸಲುವಾಗಿ ಗಂಟಿ ಬಾರಿಸಿದ್ಯಲ್ಲ ಯಪ್ಪಾ, ಒಂದ್ ಗಳಿಗಿ ಆಕಿ ಅದಾಳ ಅನಿಸ್ತು. ಆದ್ರ ಇನ್ನೊಮ್ಮೆ ಹಂಗ ಮಾಡಬ್ಯಾಡ. ತಡ್ಕೊಳ್ಳಾಕ ಆಗಂಗಿಲ್ಲ ನನಗ.”

ನಾನು ಬಾರಿಸಲಿಲ್ಲ ಎನ್ನಲು ಬಾಯಿ ತೆರೆದೆ. “ಇಲ್ಲವ್ವಾ, ಮಾಡಂಗಿಲ್ಲ” ಎಂದುಬಿಟ್ಟೆ. ಆ ಸಂಜೆಯನ್ನು ಎಷ್ಟು ಸಲ ನೆನೆದರೂ, ಎಡಗೈಯಲ್ಲಿ ಸುತ್ತಿದ ವೈರು ಸ್ಪಷ್ಟವಾಗಿ ಕಾಣುತ್ತದೆ. ಬಲಗೈ ಎಲ್ಲಿತ್ತು ಎಂಬುದು ಮಾತ್ರ ನೆನಪಿಗೆ ಬರುವುದಿಲ್ಲ.