ಅತ್ತೆಯ ನಾಲಿಗೆ ಮತ್ತು ಚಿನ್ನಪ್ಪ

ಇವತ್ತು ಬೆಳಿಗ್ಗೆ ದಿವಾನ್ ಮಂಚ ಸರಿಸಿ ಗುಡಿಸುವಾಗ ಮೂಲೆಯಲ್ಲಿ ಒಂದು ಚಿಟಿಕೆ ನವಣೆ ಹೊಟ್ಟು ಸಿಕ್ಕಿತು. ಚಿನ್ನಪ್ಪ ಹೋಗಿ ವರ್ಷವಾಗುತ್ತ ಬಂತು, ಅವನು ಉಗುಳಿದ ಹೊಟ್ಟು ಮಾತ್ರ ಇನ್ನೂ ಮುಗಿದಿಲ್ಲ. ತಿನ್ನುವಾಗ ಅಷ್ಟು ಗಲೀಜು ಮಾಡುವ ಗಂಡಸು ಬೇರೆ ಯಾರಾದರೂ ಆಗಿದ್ದರೆ ಎಂದೋ ಮನೆಯಿಂದಾಚೆ ಹಾಕುತ್ತಿದ್ದೆ.

ಗಾಬರಿಯಾಗಬೇಡಿ, ಚಿನ್ನಪ್ಪ ಅಂದರೆ ನಮ್ಮ ಮನೆಯಲ್ಲಿದ್ದ ಹಸಿರು ಲವ್ ಬರ್ಡು. ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬರು ಪಂಜರ ಸಮೇತ ನನ್ನ ಕೈಗೆ ದಾಟಿಸಿದ್ದರು. ನಾವಿರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ನಾನು ಗುಬ್ಬಿಯವಳು, ಅತ್ತೆ ಕುಣಿಗಲ್ ಕಡೆ ಹುತ್ರಿದುರ್ಗದವರು. ಪಂಜರ ಕಂಡ ಕೂಡಲೇ ಅವರೆಂದರು: "ಗುಬ್ಬಿಯಿಂದ ಒಬ್ಳು ಬಂದಿರೋದು ಸಾಲ್ದು ಅಂತ ಇನ್ನೊಂದು ಹಕ್ಕಿ ಹೊತ್ಕೊಂಡ್ ಬಂದವ್ಳೆ!"

ಅತ್ತೆಯ ಬೈಗುಳದ ಬಗ್ಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹಾಲು ಉಕ್ಕಿದರೆ ಹಾಲಿಗೆ, ಕರೆಂಟು ಹೋದರೆ ಕಂಬಕ್ಕೆ, ಯಾರೂ ಸಿಗದಿದ್ದರೆ ಕ್ಯಾಲೆಂಡರಿಗೆ. ಆದರೂ ಮದುವೆಯಾದಾಗಿನಿಂದ ಸಿಂಹಪಾಲು ನನ್ನದೇ. ನಾನು ಒಂದು ದಿನವೂ ಎದುರಾಡಿದವಳಲ್ಲ. ಇಂಥ ಸೊಸೆ ಇಡೀ ಜಿಲ್ಲೆಯಲ್ಲಿ ಸಿಗುವುದಿಲ್ಲವೆಂದು ನನಗೆ ನಾನೇ ಬೀಗುತ್ತಿದ್ದೆ. ಚಿನ್ನಪ್ಪ ಬಂದ ಮೇಲೆ ನನ್ನ ಪಾಲೂ ಅವನಿಗೇ ಹೋಯಿತು. ಅತ್ತೆ ಟಿವಿ ಹಾಕುವುದೇ ತಡ, ಅವನು ಕಿರುಚುವನು, ಇವರು ವಾಲ್ಯೂಮ್ ಏರಿಸುವರು, ಅವನೂ ಏರಿಸುವನು. "ನಿನ್ ಬಾಯಿಗ್ ಮಣ್ಣಾಕ, ಸುಮ್ಕಿರ್ಲಾ!" ಎನ್ನುತ್ತಲೇ ಎಳೆಯ ಕೊತ್ತಂಬರಿ ಕಡ್ಡಿ ಆರಿಸಿ ಪಂಜರಕ್ಕೆ ಸಿಕ್ಕಿಸುವರು. ನಾನು ಅಡುಗೆಮನೆಯಲ್ಲಿ ನೆಮ್ಮದಿಯಾಗಿ ಒಗ್ಗರಣೆ ಹಾಕುತ್ತಿದ್ದೆ.

ಒಂದು ಭಾನುವಾರ ಅದೇ ಜಗಳ, ಅದೇ ಶಾಪ. ಚಿನ್ನಪ್ಪ ಫಕ್ಕನೆ ಸುಮ್ಮನಾದ. ಅತ್ತೆ ಧಾರಾವಾಹಿಯನ್ನು ಪೂರ್ತಿ ನೋಡಿ, "ಅಬ್ಬಾ, ಇವತ್ತಾದ್ರೂ ಮಾತು ಕೇಳ್ದ" ಎಂದು ತಿರುಗಿದರೆ ಅವನು ಪಂಜರದ ತಳದಲ್ಲಿ ಕಾಲು ಮಡಚಿಕೊಂಡು ಬಿದ್ದಿದ್ದ.

ಹಿತ್ತಲಿನ ತೆಂಗಿನಮರದ ಬುಡದಲ್ಲಿ ಗುಂಡಿ ತೆಗೆದೆವು. ನಮ್ಮಲ್ಲಿ ಹಣೆಗೆ ವಿಭೂತಿ ಇಡದೆ ಯಾರನ್ನೂ ಕಳಿಸುವುದಿಲ್ಲ. ಹಣೆ ಎಲ್ಲಿ ಮುಗಿದು ಕೊಕ್ಕು ಎಲ್ಲಿ ಶುರುವಾಗುತ್ತದೋ ತಿಳಿಯದೆ ನಮ್ಮ ಯಜಮಾನರು ಇಡೀ ತಲೆಗೇ ಬಳಿದರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಬೇಕು. ಮಣ್ಣು ಹಿಡಿದ ಅತ್ತೆಯ ಕೈ ಅರ್ಧಕ್ಕೇ ನಿಂತಿತು.

"ಬಾಯಿಗ್ ಮಣ್ಣಾಕ ಅಂದಿದ್ನಲ್ಲೇ. ನನ್ ಕೈಯಾರೆ ಹಾಕೋ ಹಂಗಾಯ್ತಲ್ಲೇ!"

ಅತ್ತೆಯ ನಾಲಿಗೆಯ ಮೇಲೊಂದು ಕರಿಮಚ್ಚೆ ಇದೆ. ಅಂಥವರು ಆಡಿದ ಮಾತು ತಟ್ಟುತ್ತದೆ ಅಂತ ಅವರ ಊರಿನ ನಂಬಿಕೆ. ಮಾರನೆಯ ದಿನದಿಂದ ಅವರು ಬೈಯುವುದನ್ನೇ ಬಿಟ್ಟರು. ಹಾಲು ಉಕ್ಕಿಸಿದೆ, "ಹೋಗ್ಲಿ ಬುಡವ್ವ" ಎಂದರು. ಪರೀಕ್ಷೆಗೆಂದು ಸಾರಿಗೆ ಬೇಕೆಂದೇ ಎರಡು ಸಲ ಉಪ್ಪು ಹಾಕಿದೆ. "ಚೆನ್ನಾಗೈತೆ" ಎಂದು ನೀರು ಕುಡಿದು ಎದ್ದರು. ಮುದ್ದೆ ಮಾತ್ರ ತಟ್ಟೆಯಲ್ಲಿ ಅರ್ಧ ಉಳಿದಿತ್ತು. ದಿನದಿನಕ್ಕೂ ಅದು ಹೆಚ್ಚು ಹೆಚ್ಚು ಉಳಿಯತೊಡಗಿತು, ಅತ್ತೆ ಇಳಿಯುತ್ತ ಹೋದರು.

ಸುದ್ದಿ ತಿಳಿದ ಪಕ್ಕದ ಮನೆ ಪುಟ್ಟಮ್ಮ ತಾಂಬೂಲ ಹಿಡಿದು ಬಂದೇಬಿಟ್ಟರು. "ನಿಮ್ ನಾಲ್ಗೇಗೆ ಅಷ್ಟ್ ಪವರ್ ಇದ್ರೆ, ನಮ್ ಹುಡ್ಗಿಗೆ ಒಳ್ಳೇ ಗಂಡು ಸಿಗ್ಲಿ ಅಂತ ಒಂದ್ ಮಾತು ಅಂದ್ಬುಡಿ ಅಕ್ಕ." ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು.

ಚಿನ್ನಪ್ಪ ಹೋದದ್ದೇಕೆಂದು ಅತ್ತೆಗೂ ತಿಳಿಯಲಿ ಅಂತ ಪಶುವೈದ್ಯರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. "ನಾನು ಜಾಸ್ತಿ ಹಸು ಎಮ್ಮೆ ನೋಡೋನು ಮೇಡಂ" ಎನ್ನುತ್ತಲೇ ಅವರು ತಿಳಿಸಿ ಹೇಳಿದರು: "ಹಕ್ಕಿಗಳು ಕಾಯಿಲೆ ತೋರಿಸ್ಕೊಳಲ್ಲ. ಕೈಲಾಗಲ್ಲ ಅಂತ ಗೊತ್ತಾದ್ರೆ ಹದ್ದು ಬಿಡುತ್ತಾ? ಕೊನೇ ತನಕ ಚೆನ್ನಾಗೇ ಇದೀನಿ ಅಂತ ಕೂಗಾಡ್ತಿರ್ತವೆ. ನಮಗೆ ಗೊತ್ತಾಗೋ ಹೊತ್ತಿಗೆ ಮುಗಿದೋಗಿರುತ್ತೆ."

"ನಮ್ ಸಮಾಧಾನಕ್ಕೆ ಹೇಳ್ತವ್ರೆ" ಎಂದರು ಅತ್ತೆ.

ನನಗೆ ರೇಗಿಹೋಯಿತು. "ಅತ್ತೆ, ಮದುವೆ ಆದಾಗಿಂದ ನನ್ನನ್ನ ಹಾಳಾಗೋಗು, ಬಿದ್ದೋಗು ಅಂತಾನೇ ಇದೀರ. ನಂಗೇನಾಯ್ತು ಹೇಳಿ? ತೂಕ ಜಾಸ್ತಿ ಆಗಿರೋದು ಬಿಟ್ರೆ?"

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಲ್ಲಗಳೆಯಲಾಗದಷ್ಟು ದಪ್ಪ ಸಾಕ್ಷಿ.

"ನಿನ್ನ ನಾನೇನ್ ಮನಸಾರೆ ಬೈದಿದ್ನೇನೇ?"

"ಮತ್ತೆ ಚಿನ್ನಪ್ಪನ್ನ?"

ಅವರು ನೆಲಕ್ಕೆ ಕುಸಿದು ಗೊಳೋ ಎಂದು ಅತ್ತರು. ಮಣ್ಣು ಹಾಕಿದ ದಿನವೂ ಹಾಗೆ ಅತ್ತಿರಲಿಲ್ಲ. "ಇಲ್ಲ ಕಣೇ, ಅವ್ನನ್ನೂ ಇಲ್ಲ. ನಾನು ಒಂದಂದ್ರೆ ಅವ್ನು ಹತ್ತು ಅನ್ನೋನು. ಈ ಮನೇಲಿ ನನ್ ಮಾತಿಗೆ ತಿರುಗಿ ಮಾತಾಡೋನು ಅವ್ನೊಬ್ನೇ ಇದ್ದ ಕಣೇ!"

ನಾನು ಪಕ್ಕದಲ್ಲಿ ಕೂತೆ. ನನ್ನ ಮೌನವನ್ನು ಮರ್ಯಾದೆ ಅಂದುಕೊಂಡಿದ್ದೆನಲ್ಲ, ಅದು ಅವರಿಗೆ ಖಾಲಿ ಮನೆಯ ಹಾಗೆ ಕೇಳಿಸುತ್ತಿತ್ತೇ? ನನಗೂ ಅಳು ಬಂತು. ಆ ರಾತ್ರಿ ಅವರು ಮುದ್ದೆ ಪೂರ್ತಿ ಉಂಡರು.

ಇವತ್ತು ದಿವಾನ್ ಸರಿಸಿದ ಸದ್ದಿಗೆ ಅತ್ತೆ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಬೆಳ್ ಬೆಳಿಗ್ಗೇನೇ ಏನೇ ಅದು ದಡಬಡ? ನಿನ್ ಕೈ ಸೇದೋಗ!"

"ಸೇದೋದ್ರೆ ಅಡಿಗೆ ಯಾರು ಮಾಡ್ತಾರೆ? ನೀವೇ ಮಾಡ್ಕೊಳಿ!" ಎಂದು ನಾನೂ ಬೀದಿಗೆ ಕೇಳುವಂತೆ ಕೂಗಿದೆ.

ಪುಟ್ಟಮ್ಮನ ಮನೆಯ ಕಿಟಕಿ ತೆರೆದುಕೊಂಡಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖವರಳಿಸಿಕೊಂಡು, ಇನ್ನೊಂದು ಸುತ್ತು ಶುರು ಮಾಡಿದರು.