ಸಿಲಿಂಡರ್ ಬಡಿದು ಕೇಳುವ ಅದ್ದುಚ್ಚ

ಬೆಳಗಿನ ಐದೂಮುಕ್ಕಾಲು. ಬಿಜೈಯ ಖಾಸಗಿ ಆಸ್ಪತ್ರೆಯೊಂದರ ಹಿಂಬದಿಯ ತಗಡಿನ ಮಾಡಿನ ಮೇಲೆ ಮಳೆ ಜಡಿಯುತ್ತಿದೆ. ಒಳಗೆ, ಇಲ್ಲಿನ ಆಕ್ಸಿಜನ್ ನೋಡಿಕೊಳ್ಳುವ ಅದ್ದು ಸ್ಪ್ಯಾನರ್ ಹಿಡಿದು ಸಿಲಿಂಡರುಗಳ ಸಾಲಿನ ಮುಂದೆ ನಿಂತಿದ್ದಾರೆ. ಒಂದೊಂದಕ್ಕೂ ಒಂದು ಪೆಟ್ಟು, ಕೂಡಲೇ ಕಿವಿ ಹತ್ತಿರ. ತುಂಬಿದ ಸಿಲಿಂಡರ್ ‘ಟಕ್’ ಎಂದು ಸುಮ್ಮನಾಗುತ್ತದೆ. ಖಾಲಿಯದು ಗಂಟೆಯ ಹಾಗೆ ನಾದ ಎಳೆಯುತ್ತದೆ.

ಐದನೆಯದು ಹಾಡುತ್ತದೆ.

ಮಳೆಯ ಸದ್ದಿನಲ್ಲಿ ಕಿವಿ ಮೋಸ ಹೋಯಿತೇನೋ ಎಂದು ಅದ್ದು ಇನ್ನೊಮ್ಮೆ ಬಡಿಯುತ್ತಾರೆ. ಮತ್ತೆ ಹಾಡುತ್ತದೆ. ಅದರ ಕುತ್ತಿಗೆಯಲ್ಲಿ ಮಾತ್ರ ‘ತುಂಬಿದೆ’ ಎಂಬ ಹಸಿರು ಚೀಟಿ ತೂಗುತ್ತಿದೆ. ಎಂಟು, ಒಂಬತ್ತು, ಹನ್ನೆರಡು ಕೂಡ ಹಾಡುತ್ತವೆ. ಗೇಜು ಹಚ್ಚಿದರೆ ಮುಳ್ಳು ಸೊನ್ನೆ ಬಿಟ್ಟು ಏಳುವುದಿಲ್ಲ.

ಲೆಕ್ಕ ಸರಳ. ಮೇಲೆ ಐಸಿಯುವಿನಲ್ಲಿ ಹದಿನಾಲ್ಕು ಮಂದಿ ಆಕ್ಸಿಜನ್ ಮೇಲಿದ್ದಾರೆ. ಹೊರಗಿನ ದೊಡ್ಡ ಟ್ಯಾಂಕಿನಲ್ಲಿ ಉಳಿದಿರುವುದು ಎರಡು ಗಂಟೆಯದು. ಅದನ್ನು ತುಂಬಬೇಕಾದ ಟ್ಯಾಂಕರ್ ಪಂಪ್‌ವೆಲ್‌ನಾಚೆ ನೆರೆನೀರಿನಲ್ಲಿ ಸಿಕ್ಕಿಕೊಂಡಿದೆ. ಇಂಥ ದಿನಕ್ಕೆಂದೇ ಇಟ್ಟ ಸಿಲಿಂಡರುಗಳು ಹನ್ನೆರಡು. ಒಂದಕ್ಕೆ ಅರ್ಧ ಗಂಟೆ. ಆರು ಗಂಟೆ ಬರಬೇಕಾದದ್ದು ಈಗ ನಾಲ್ಕೇ.

ಚೀಟಿಯ ದಾರದ ಗಂಟನ್ನು ಅದ್ದು ಮುಟ್ಟಿ ನೋಡುತ್ತಾರೆ. ಎರಡು ಸುತ್ತು, ಒಂದು ಕುಣಿಕೆ. ಅವರದೇ ಗಂಟು. ಬಡಿಯದೆ ಚೀಟಿ ಕಟ್ಟಬಾರದೆಂಬ ನೇಮ ಮಾಡಿದವರೂ ಅವರೇ. ಹಸಿರು ಚೀಟಿ ಕಿತ್ತು ‘ಖಾಲಿ’ ಎಂಬ ಕೆಂಪು ಚೀಟಿ ಕಟ್ಟಿ, ತಪ್ಪನ್ನು ಲೋಡು ತಂದವರ ಮೇಲೆ ಹಾಕಿದರೆ ಕೇಳುವವರಿಲ್ಲ. ಆದರೆ ಅದ್ದು ಐಸಿಯುವಿಗೆ ಫೋನ್ ಮಾಡುತ್ತಾರೆ. ಎತ್ತುವವರು ಅಲ್ಲಿನ ಹಿರಿಯ ನರ್ಸ್ ವಿನಿಫ್ರೆಡ್.

“ಸಿಸ್ಟರ್, ನಾಲ್ಕು ಖಾಲಿ ಉಂಟು.”

“ಎಂತ? ಹನ್ನೆರಡೂ ತುಂಬಿ ಉಂಟು ಅಂತ ನಿನ್ನೆ ಹೇಳಿದ್ದು ನೀವೇ ಅಲ್ವಾ ಅದ್ದುಚ್ಚ?”

“ಹೌದು. ಬಡಿಯದೆ ಚೀಟಿ ಕಟ್ಟಿದ್ದು ಕೂಡ ನಾನೇ.”

“ಬೈಯುವುದು ಆಮೇಲೆ ಬೈತೇನೆ. ಈಗ ಬೇರೆ ಎಲ್ಲಿ ಸಿಗ್ತದೆ ನೋಡಿ.”

ಮುಂದಿನ ಫೋನ್ ಬೈಕಂಪಾಡಿಯ ಗ್ಯಾಸ್ ಘಟಕದಲ್ಲಿ ಪಿಕಪ್ ಓಡಿಸುವ ಗೇವಿನ್‌ಗೆ. “ನಾಲ್ಕು ಹೇರಿಕೊಂಡು ಬಾ. ಕೊಟ್ಟಾರದಲ್ಲಿ ನೀರು ಏರುವ ಮೊದಲು ದಾಟು ಮಾರಾಯ.”

“ನನ್ನದು ಪಿಕಪ್ ಅದ್ದುಚ್ಚ, ದೋಣಿ ಅಲ್ಲ!” ಎನ್ನುತ್ತಲೇ ಗೇವಿನ್ ಗಾಡಿ ಚಾಲೂ ಮಾಡುವುದು ಕೇಳಿಸುತ್ತದೆ.

ಅಣ್ಣನೆಂಬ ಸಲಿಗೆಯಿಂದ ಆಸ್ಪತ್ರೆಯವರೆಲ್ಲ ಅದ್ದುಚ್ಚ ಎನ್ನುವ ಇವರಿಗೆ ಈಗ ಐವತ್ತೆಂಟು. ಬಂದರಿನ ಎಣ್ಣೆ ವ್ಯಾಪಾರದ ಮನೆತನ. ತಂದೆ ಎಣ್ಣೆ ಡಬ್ಬಕ್ಕೆ ಬೆರಳಿನಿಂದ ಬಡಿದೇ ಕಡಿಮೆ ತುಂಬಿದ್ದನ್ನು ಹೇಳುತ್ತಿದ್ದರಂತೆ. ಏಳು ವರ್ಷ ಗಲ್ಫಿನ ಗ್ಯಾಸ್ ಘಟಕದಲ್ಲಿ ದುಡಿದು ಬಂದ ಅದ್ದು, ಅಂಗಡಿಗೆ ಹೋಗದೆ ಈ ತಗಡಿನ ಮಾಡಿನ ಕೆಳಗೆ ಇಪ್ಪತ್ತಾರು ವರ್ಷ ಕಳೆದಿದ್ದಾರೆ. “ಎಣ್ಣೆ ಬಿಟ್ಟು ಗಾಳಿ ಕಾಯ್ಲಿಕ್ಕೆ ಹೋದವ ಅಂತ ಅಣ್ಣಂದಿರು ಈಗಲೂ ತಮಾಷೆ ಮಾಡ್ತಾರೆ. ಗಾಳಿಯ ಬೆಲೆ ಅವರಿಗೆ ಗೊತ್ತಿಲ್ಲ, ಎಂತ ಮಾಡುವುದು?” ಎನ್ನುತ್ತಾರೆ ಅದ್ದು.

ಇಷ್ಟು ವರ್ಷ ತಪ್ಪದ ಕೈ ನಿನ್ನೆ ತಪ್ಪಿದ್ದು ಹೇಗೆ? ಹೆಂಡತಿ ಸಾರಮ್ಮ ತೀರಿಕೊಂಡು ಮೂರು ತಿಂಗಳು. ದಿನವೂ ಸಂಜೆ ಆರಕ್ಕೆ “ಮೀನು ಎಂತ ತರ್ಲಿ?” ಎಂದು ಆಕೆಗೆ ಫೋನ್ ಮಾಡುವುದು ರೂಢಿಯಾಗಿತ್ತು. ನಿನ್ನೆ ಲೋಡು ಇಳಿಯುವಾಗ ಆರು ಗಂಟೆ. ಕೈ ತಾನಾಗಿ ಜೇಬಿನ ಫೋನಿಗೆ ಹೋಯಿತು. “ಆಮೇಲೆ ಚೀಟಿ ಕಟ್ಟಿದ್ದು ನೆನಪುಂಟು, ಬಡಿದದ್ದು ನೆನಪಿಲ್ಲ.” ಕೊಟ್ಟವನು ಕರೆಸಿಕೊಂಡ ಎಂದು ಬಾಯಿ ಹೇಳುತ್ತದೆ, ಕೈಗೆ ಅದು ಬೇಗ ತಿಳಿಯುವುದಿಲ್ಲ.

ಏಳೂಮುಕ್ಕಾಲಿಗೆ ಟ್ಯಾಂಕ್ ಮುಗಿಯುತ್ತದೆ. ಅದ್ದು ಬಿಸ್ಮಿಲ್ಲಾ ಎಂದು ಸಿಲಿಂಡರುಗಳ ಕಡೆ ತಿರುಪು ತಿರುಗಿಸುತ್ತಾರೆ. ಮೇಲೆ ಯಾವ ಎಚ್ಚರಿಕೆಯ ಗಂಟೆಯೂ ಹೊಡೆದುಕೊಳ್ಳುವುದಿಲ್ಲ. ಒಂಬತ್ತರ ಹೊತ್ತಿಗೆ, ಬಾಗಿಲವರೆಗೆ ಕೆಸರು ಮೆತ್ತಿದ ಪಿಕಪ್ ಅಂಗಳಕ್ಕೆ ಬರುತ್ತದೆ. ಟ್ಯಾಂಕರ್ ಮುಟ್ಟುವುದು ಹನ್ನೆರಡೂವರೆಗೆ. ಆಗ ಉಳಿದಿದ್ದುದು ಎರಡೂವರೆ ಸಿಲಿಂಡರಿನಷ್ಟು. ಗೇವಿನ್ ತಂದ ನಾಲ್ಕು ಇಲ್ಲದಿದ್ದರೆ ಟ್ಯಾಂಕರ್ ಬರುವ ಮುಕ್ಕಾಲು ಗಂಟೆ ಮೊದಲೇ ಎಲ್ಲವೂ ಬರಿದಾಗುತ್ತಿತ್ತು.

ಅದ್ದು ಆಡಳಿತದವರಲ್ಲಿ ಕೇಳಿರುವುದು ಒಂದೇ. “ನನ್ನ ಕಿವಿ ಒಂದೇ ಸಾಲದು. ನಾನು ಬಡಿದ ಮೇಲೆ ಇನ್ನೊಬ್ಬರು ಬಡಿಯಬೇಕು. ಅಷ್ಟು ಮಾಡಿ ಕೊಟ್ಟರೆ ಸಾಕು.”

ಅದೇ ಸಂಜೆ ಹೊಸ ಲೋಡು ಇಳಿಯುತ್ತದೆ. ಆರು ಗಂಟೆ. ಅದ್ದು ಹನ್ನೆರಡನ್ನೂ ಬಡಿದು, ಎರಡು ಪಾಳಿಯ ಡ್ಯೂಟಿ ಮುಗಿಸಿ ಬೈಯಲೆಂದೇ ಇಳಿದು ಬಂದ ವಿನಿಫ್ರೆಡ್ ಕೈಗೆ ಸ್ಪ್ಯಾನರ್ ಕೊಡುತ್ತಾರೆ. ಅವರೂ ಒಂದೊಂದನ್ನೇ ಬಡಿದು, ಕಿವಿ ಕೊಟ್ಟು, ಕೊನೆಗೆ ತಲೆ ಎತ್ತುತ್ತಾರೆ.

“ಒಂದೂ ಹಾಡ್ಲಿಲ್ಲ ಅದ್ದುಚ್ಚ.”

ಆಗ ಅದ್ದು ಜೇಬಿಗೆ ಕೈ ಹಾಕುತ್ತಾರೆ; ಹಸಿರು ಚೀಟಿಗಳನ್ನು ಹೊರತೆಗೆಯುತ್ತಾರೆ.