ಎಲ್‌ಎಲ್‌ಎಂಗೆ ಕಳಿಸಿದ ಸೀನಿಯರ್

ನಮ್ಮ ಸೀನಿಯರ್ ಅವರ ಕರಿ ಕೋಟಿನ ಎಡಜೇಬು ಬಲಜೇಬಿಗಿಂತ ಎರಡು ಬೆರಳು ಕೆಳಗೆ ಜೋತುಬಿದ್ದಿರುತ್ತಿತ್ತು. ಅದರೊಳಗೆ ತೆರಿಗೆ ಕಾಯ್ದೆಯ ದಪ್ಪ ಕೈಪಿಡಿ ಸದಾ ಇರುತ್ತಿತ್ತು. ಕೈಪಿಡಿ ವರ್ಷವರ್ಷವೂ ಹೊಸದಾಗುತ್ತಿತ್ತು, ಕೋಟು ಮಾತ್ರ ಅದೇ. ಭುಜದ ಹತ್ತಿರ ಕಪ್ಪು ಮಾಸಿ ಕಂದುಬಣ್ಣಕ್ಕೆ ತಿರುಗಿತ್ತು. "ಹೊಸದೊಂದು ಹೊಲಿಸಿ ಸರ್" ಎಂದರೆ, "ಇದಕ್ಕೆ ನನ್ನ ಅಳತೆ ಗೊತ್ತು ಕಣಮ್ಮ. ಹೊಸದಕ್ಕೆ ಮೊದಲಿಂದ ಪಾಠ ಹೇಳ್ಬೇಕು" ಎನ್ನುತ್ತಿದ್ದರು.

ವಕೀಲರಲ್ಲಿ ಕಿರಿಯರು ಯಾರ ಕೈಕೆಳಗೆ ಕೆಲಸ ಕಲಿಯುತ್ತಾರೋ ಅವರೇ ಸೀನಿಯರ್. ಕಾನೂನು ಪದವಿ ಮುಗಿಸಿ ಮಾದಿಹಳ್ಳಿಯ ನಮ್ಮ ಮನೆಯಿಂದ ನಾನು ದಿನಾ ಅರಸೀಕೆರೆಗೆ ಬಸ್ಸು ಹತ್ತಿದ್ದು ಅವರ ಕಚೇರಿಗಾಗಿ. ಕಚೇರಿಯೆಂದರೆ ತೆಂಗಿನಕಾಯಿ ಮಂಡಿಯ ಮಾಳಿಗೆಯ ಮೇಲೆ ಒಂದೇ ಕೋಣೆ. ಅವರ ಮನೆ ಹಳೇಬೀಡಿನಲ್ಲಿ, ಬಸದಿಗೆ ಹೋಗುವ ದಾರಿಯಲ್ಲಿ. ಜೈನರಾದ್ದರಿಂದ ಹೊತ್ತು ಮುಳುಗುವುದರೊಳಗೆ ಅವರ ಊಟ ಮುಗಿಯಬೇಕು. ಹಾಗಾಗಿ ಸಂಜೆ ಐದೂಕಾಲಿಗೆ ಸರಿಯಾಗಿ ಡಬ್ಬಿ ತೆರೆಯುತ್ತಿದ್ದರು: ಅಕ್ಕಿರೊಟ್ಟಿ, ಬಾಳೆಕಾಯಿ ಪಲ್ಯ. ರಿಟರ್ನ್ ಸಲ್ಲಿಸಲು ಅದೇ ಕಡೇ ದಿನವಾಗಿರಲಿ, ಮೆಟ್ಟಿಲ ತನಕ ವ್ಯಾಪಾರಿಗಳು ನಿಂತಿರಲಿ, ಡಬ್ಬಿ ಖಾಲಿಯಾಗುವವರೆಗೆ ಸರ್ಕಾರವೂ ಕಾಯಬೇಕಿತ್ತು. ನಾನು ತರುತ್ತಿದ್ದ ಈರುಳ್ಳಿ ಬಜ್ಜಿಗೆ ಅವರ ಮೇಜು ದಾಟುವ ಅನುಮತಿ ಇರಲಿಲ್ಲ. ಕಿಟಕಿಯ ಹತ್ತಿರ ನಿಂತು ತಿನ್ನುತ್ತಿದ್ದೆ. "ಗಡಿ ಭದ್ರವಾಗಿದೆಯಾ?" ಎಂದು ಅವರು ಅಲ್ಲಿಂದಲೇ ಕೇಳುತ್ತಿದ್ದರು.

ನನಗೆ ಆಗ ತಲೆತುಂಬ ಇಂಗ್ಲಿಷ್ ತೀರ್ಪುಗಳು. ಅವು ಇಳಿದದ್ದು ಹಾರನಹಳ್ಳಿಯ ಕಾಯಿ ವ್ಯಾಪಾರಿಯೊಬ್ಬರಿಗೆ ನೋಟಿಸ್ ಬಂದ ದಿನ. ತೆಂಗಿನಕಾಯಿಗೆ ತೆರಿಗೆ ಇಲ್ಲ, ಒಣಗಿದ ಕೊಬ್ಬರಿಗೆ ಇದೆ. ಇವರ ಬಿಲ್ಲುಗಳಲ್ಲೆಲ್ಲ 'ಕೊಬ್ಬರಿ' ಎಂದು ಬರೆದಿತ್ತು, ತೆರಿಗೆ ಕಟ್ಟಿರಲಿಲ್ಲ. ವ್ಯಾಪಾರಿ ಬೆವರುತ್ತ ಬಂದು ಕೂತರು.

"ನಾನು ಕಳ್ಸಿದ್ದು ಬರೀ ಕಾಯಿ ಸ್ವಾಮಿ. ಕೊಬ್ಬರಿ ಯಾಪಾರ ನಾನು ಮಾಡಕ್ಕಿಲ್ಲ. ಹೊಸಾ ಗುಮಾಸ್ತ ಏನ್ ಬರ್ದವ್ನೋ, ನಾನೆಲ್ಲಿ ನೋಡ್ಲಿ!"

ಗುಮಾಸ್ತ ಗದಗಿನ ಕಡೆಯವನು. ಅವರ ಕಡೆ ಹಸಿ ಕಾಯಿಗೂ ಕೊಬ್ಬರಿಯೇ ಅನ್ನುತ್ತಾರೆ. ಪಾಪ, ಮನೆಯಲ್ಲಿ ಅಂದಂತೆಯೇ ಬಿಲ್ಲಿನಲ್ಲೂ ಬರೆದಿದ್ದ. ನಾನು ಎರಡು ದಿನ ಕೂತು ಹದಿನಾಲ್ಕು ಪುಟದ ಉತ್ತರ ಸಿದ್ಧಮಾಡಿದೆ. ಸೀನಿಯರ್ ಅದನ್ನು ಪಕ್ಕಕ್ಕಿಟ್ಟು ಒಂದು ಬಿಲ್ಲು ಮುಂದೆ ತಳ್ಳಿದರು.

"ತುಂಬಿರೋದನ್ನ ಎಲ್ಲರೂ ಓದ್ತಾರೆ. ಖಾಲಿ ಬಿಟ್ಟಿರೋ ಕಾಲಂ ಓದು."

ನೋಡಿದೆ. ಎಣಿಕೆಯ ಕಾಲಂನಲ್ಲಿ ಸಾವಿರದ ಲೆಕ್ಕವಿತ್ತು. ತೂಕದ ಕಾಲಂ ಪ್ರತಿಯೊಂದು ಬಿಲ್ಲಿನಲ್ಲೂ ಖಾಲಿ. ಕೊಬ್ಬರಿಯನ್ನು ಯಾರಾದರೂ ಎಣಿಸಿ ಮಾರುತ್ತಾರೆಯೇ? ಅದು ಹೋಗುವುದು ಕ್ವಿಂಟಾಲ್ ಲೆಕ್ಕದಲ್ಲಿ. ತೆಂಗಿನ ಸೀಮೆಯಲ್ಲೇ ಹುಟ್ಟಿದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ವಿಚಾರಣೆಯ ದಿನ ಸೀನಿಯರ್ ಕೈಚೀಲದಿಂದ ಒಂದು ಸುಲಿದ ಕಾಯಿ, ಒಂದು ಒಣಗಿದ ಕಾಯಿ ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟರು. ಮೊದಲನೆಯದನ್ನು ಅಲ್ಲಾಡಿಸಿದರೆ ನೀರಿನ ಸದ್ದು, ಎರಡನೆಯದರಲ್ಲಿ ಒಳಗಿನ ಉಂಡೆ ಕಟಕಟ ಎಂದಿತು. "ಇದು ಕಾಯಿ, ಇದು ಕೊಬ್ಬರಿ. ಬಿಲ್ಲಿನಲ್ಲಿರೋದು ಗದಗ" ಎಂದರು. ಅಧಿಕಾರಿ ನಕ್ಕುಬಿಟ್ಟರು. ಬಿಲ್ಲುಗಳನ್ನೂ ಲಾರಿ ಚೀಟಿಗಳನ್ನೂ ತಾಳೆ ನೋಡಿ ನೋಟಿಸ್ ಕೈಬಿಟ್ಟರು.

ಆ ವರ್ಷವೇ ನಾನು ತೆರಿಗೆ ಕಾನೂನಿನಲ್ಲಿ ಎಲ್‌ಎಲ್‌ಎಂ ಮಾಡುವುದೆಂದು ಹಟ ಹಿಡಿದೆ. ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ದೂರದ ನಗರದ ಹೊಳೆಯುವ ಸಂಸ್ಥೆ: ಅಂತರರಾಷ್ಟ್ರೀಯ ತೆರಿಗೆ, ಗಾಜಿನ ಕಟ್ಟಡ, ಪ್ರವೇಶದ ಕೈಪುಸ್ತಕದ ಮೊದಲ ಪುಟದಲ್ಲೇ 'ಎಲ್ಲರಿಗೂ ಉದ್ಯೋಗ'. ಇನ್ನೊಂದು ಬಣ್ಣ ಕಾಣದ ಹಳೆಯ ಕಾಲೇಜು. ಅಲ್ಲಿನ ವಿದ್ಯಾರ್ಥಿಗಳು ವಾರಕ್ಕೆರಡು ದಿನ ತೆರಿಗೆ ಮೇಲ್ಮನವಿ ನಡೆಸುವ ವಕೀಲರ ಕಚೇರಿಯಲ್ಲಿ ಕೂತು ಕೆಲಸ ಕಲಿಯಬೇಕಿತ್ತು. ಅಪ್ಪನದು ಒಂದೇ ಮಾತು.

"ಇನ್ನೊಂದ್ ವರ್ಸ ಓದು, ಬ್ಯಾಡ ಅನ್ನಕ್ಕಿಲ್ಲ. ಓದಿದ್ಮ್ಯಾಲೆ ಕೆಲ್ಸ ಸಿಕ್ತದಾ, ಅಷ್ಟು ಯೋಳು. ಸಿಗಾಕಿಲ್ಲ ಅಂದ್ರೆ ಗಂಡು ನೋಡ್ತೀನಿ."

ಅಪ್ಪ ಹೆದರಿಸಲು ಹೇಳಿದ್ದಲ್ಲ, ನಿಜವಾಗಿಯೇ ನೋಡುತ್ತಿದ್ದರು. ಗೆಂಡೆಹಳ್ಳಿಯಿಂದ ಒಂದು ಜಾತಕ ಬಂದು ದೇವರ ಗೂಡಿನಲ್ಲಿ ಕೂತಿತ್ತು. ನಾನು ಹೊಳೆಯುವ ಸಂಸ್ಥೆಗೇ ಹೋಗುವುದೆಂದು ತೀರ್ಮಾನಿಸಿ, ಕೈಪುಸ್ತಕವನ್ನು ಜಂಬದಿಂದಲೇ ಸೀನಿಯರ್ ಮುಂದಿಟ್ಟೆ.

ಅವರು ಹಾಳೆ ತಿರುವಿ ಹಾಕುತ್ತ ಹೋದರು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ.

"ಎಲ್ಲರಿಗೂ ಉದ್ಯೋಗ ಅಂತಿದೆ. ಏನು ಉದ್ಯೋಗ ಅಂತ ಎಲ್ಲಿದೆ?"

"ದೊಡ್ಡ ಕಂಪನಿಗಳು ಬರ್ತವೆ ಸರ್."

"ಬರ್ತವೆ. ಬಂದು? ಎರಡು ವರ್ಷದ ಹಿಂದೆ ಪಾಸಾದೋರು ಇವತ್ತು ಏನ್ ಮಾಡ್ತಿದಾರೆ? ಎರಡೂ ಕಡೆಯೋರನ್ನ ಕೇಳು. ಮೇಷ್ಟ್ರುಗಳನ್ನ ಕೇಳ್ಬೇಡ, ಓದಿದೋರನ್ನೇ ಕೇಳು. ತೆರಿಗೆ ಕೆಲಸವಾ ಅಂತ ಬಿಡಿಸಿ ಕೇಳು."

ನನಗೆ ಕೋಪ ಬಂತು. ಈ ಮುದುಕರಿಗೆ ಅಂತರರಾಷ್ಟ್ರೀಯ ಎಂದರೆ ಹಾಸನ ದಾಟುವುದು ಎಂದುಕೊಂಡೆ. ಆದರೂ ಅಲ್ಲಿ ಇಲ್ಲಿ ನಂಬರು ಹುಡುಕಿ ಫೋನು ಮಾಡಿದೆ. ಹೊಳೆಯುವ ಸಂಸ್ಥೆಯವರು ಐದು ಜನ ಸಿಕ್ಕರು. ಮೂವರಿಗೆ 'ಉದ್ಯೋಗ' ಎಂದರೆ ಮೂರು ತಿಂಗಳ ತರಬೇತಿ. ಒಬ್ಬಳು ಕಂಪನಿಯೊಂದರಲ್ಲಿ ಕರಾರುಪತ್ರಗಳ ಕಾಗುಣಿತ ತಿದ್ದುತ್ತಿದ್ದಳು. ಇನ್ನೊಬ್ಬ ನನ್ನನ್ನೇ, "ಅಲ್ಲಿ ಯಾರಾದ್ರೂ ಜೂನಿಯರ್ ಬೇಕು ಅಂದ್ರೆ ಹೇಳಿ ಮೇಡಂ" ಎಂದ. ಹಳೆಯ ಕಾಲೇಜಿನವರಲ್ಲಿ ನಾಲ್ವರು ಸಿಕ್ಕರು. ದೊಡ್ಡ ಸಂಬಳವೇನಲ್ಲ, ಆದರೆ ಮೂವರು ತೆರಿಗೆ ವಕೀಲರ ಕಚೇರಿಗಳಲ್ಲೇ ಇದ್ದರು, ತಾವೇ ಹೋಗಿ ವಾದ ಮಾಡುತ್ತಿದ್ದರು.

ಹಳೆಯ ಕಾಲೇಜಿಗೆ ಶುಲ್ಕ ಕಟ್ಟಿ ಬಂದ ದಿನ ನಾನು ಸೀನಿಯರ್ ಅವರನ್ನು ಕೇಳಿದೆ. "ನಾನು ಹೋದ್ರೆ ಇಲ್ಲಿ ಕೆಲಸಕ್ಕೆ ಯಾರು ಸರ್?" ಆ ವೇಳೆಗೆ ರಿಟರ್ನುಗಳೆಲ್ಲ ಕಂಪ್ಯೂಟರಿನಲ್ಲೇ ಆಗಬೇಕಿತ್ತು, ಅದೆಲ್ಲ ನನ್ನ ಕೈಯಲ್ಲೇ ನಡೆಯುತ್ತಿತ್ತು. ಅವರು ಡಬ್ಬಿಯ ಮುಚ್ಚಳ ಬಿಗಿದು, "ನೀನು ಬರೋಕೆ ಮುಂಚೆ ನಾನೇನು ಎಳನೀರು ಮಾರ್ತಿದ್ನಾ?" ಎಂದರು. ನಕ್ಕೆ. ನಂಬಿಯೂ ಬಿಟ್ಟೆ.

ಓದು ಮುಗಿಯುವ ಮೊದಲೇ, ನಾನು ಕೂತು ಕಲಿಯುತ್ತಿದ್ದ ಕಚೇರಿಯಿಂದಲೇ ಕೆಲಸಕ್ಕೆ ಕರೆ ಬಂತು. ಅಪ್ಪ ಜಾತಕವನ್ನು ಗೆಂಡೆಹಳ್ಳಿಗೆ ವಾಪಸು ಕಳಿಸಿದರು. ಸೀನಿಯರ್ ಅವರಿಗೆ ಫೋನಿನಲ್ಲಿ ಹೇಳಿದಾಗ, "ತೆರಿಗೆ ಕೆಲಸವೇ ತಾನೇ?" ಎಂದು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ಅದಾಗಿ ಮೂರು ವಾರಕ್ಕೆ ಅವರು ಹೋಗಿಬಿಟ್ಟರು. ನಸುಕಿನಲ್ಲಿ ಎದೆನೋವು ಬಂದಿತಂತೆ, ಆಸ್ಪತ್ರೆ ಮುಟ್ಟಲಿಲ್ಲ. ನಾನು ಹಳೇಬೀಡು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರ ಮನೆಯ ಜಗಲಿಯ ಮೇಲೆ ಹಾರನಹಳ್ಳಿಯ ಆ ವ್ಯಾಪಾರಿ ಕೂತಿದ್ದರು. ನನ್ನನ್ನು ಕಂಡವರೇ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ನೀನು ಹೋದ್ ಆರೇ ತಿಂಗ್ಳಿಗೆ ಆಪೀಸ್ ಮುಚ್ಚಿದ್ರು ಕಣವ್ವ. ಕಂಪೂಟ್ರು ಕೈಗೆ ಹತ್ಲಿಲ್ಲ ಅವ್ರಿಗೆ. ನಮ್ಮ ಕಾಗ್ದಾನೆಲ್ಲ ಅವರವರ ಕೈಗೇ ಕೊಟ್ಟು ಹಾಸನದ ವಕೀಲ್ರತ್ರ ಕಳ್ಸಿದ್ರು."

"ನಂಗೆ ಹೇಳ್ಲೇ ಇಲ್ಲ" ಎಂದೆ.

"ಹೆಂಗ್ ಯೋಳಾರು? ನೀನು ಹೊರಡಕ್ ಮುಂಚೇನೇ ಮಂಡಿಯೋರೆಲ್ಲ ಸೇರ್ಕಂಡು ಹೋಗಿದ್ವಿ. ಆ ಮಗೀನ ಇಲ್ಲೇ ಉಳ್ಸ್ಕಳಿ ಸ್ವಾಮಿ, ತಿಂಗ್ಳ ಸಂಬ್ಳ ನಾವೇ ಸೇರಿ ಕೊಡ್ತೀವಿ ಅಂದ್ವಿ. 'ಅವಳ ಮುಂದೆ ಈ ಮಾತು ಆಡೀರ, ಜೋಕೆ. ಆಡಿದ್ರೆ ಉಳ್ಕೊಂಡ್ಬಿಡ್ತಾಳೆ' ಅಂದ್ರು."

ನನಗೆ ಸೀನಿಯರ್ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಮಾದಿಹಳ್ಳಿಯಿಂದ ಒಂದು ಬಸ್ಸಿನ ದೂರದಲ್ಲಿ, ಅಪ್ಪ ಕೇಳಿದ್ದ ಕೆಲಸವೂ ಸಂಬಳವೂ ಆಗ ನನಗಾಗಿ ಕಾದಿದ್ದವು.

ಅವರ ಮಾತು ನಿಜ. ಉಳಿದುಬಿಡುತ್ತಿದ್ದೆ.